ಇಲ್ಲದ ಹದಿನಾರು ಪುಟ

ಹೊನ್ನಾಳಿಯ ನಮ್ಮ ಓದುಗರ ಬಳಗದಲ್ಲಿ ಹನ್ನೊಂದು ಜನ. ತಿಂಗಳಿಗೊಂದು ಭಾನುವಾರ ಗೊಬ್ಬರದಂಗಡಿಯ ಮಹಡಿಯಲ್ಲಿ ಸೇರುತ್ತಿದ್ದೆವು. ಒಂದು ಪುಸ್ತಕ, ಅದರ ಮೇಲೆ ಎಲ್ಲರ ಅಭಿಪ್ರಾಯ, ಆಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಓದದೆ ಬಂದವರೂ ನಾಲ್ಕು ಮಾತಾಡಲೇಬೇಕಿತ್ತು. ಸಂಚಾಲಕ ನಾನೇ. ಓದದ ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತಾಡುವ ಕಲೆ ನನಗೆ ಒಲಿದಷ್ಟು ಇನ್ಯಾರಿಗೂ ಒಲಿದಿರಲಿಲ್ಲ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಆ ಸಲದ ಪುಸ್ತಕ ಜಗಳೂರಿನ ಮೇಷ್ಟ್ರದು. ನಿವೃತ್ತ ವಿಜ್ಞಾನ ಶಿಕ್ಷಕರು. ಮೂರು ಭಾಗಗಳ ವೈಜ್ಞಾನಿಕ ಕಾದಂಬರಿಯ ಕೊನೆಯ ಭಾಗವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ಮೊದಲ ಭಾಗದಲ್ಲಿ ಭೂಮಿ ಬಿಟ್ಟು ಹೊರಡಲು ನೌಕೆಯೊಂದು ಸಿದ್ಧವಾಗುತ್ತದೆ. ಎರಡನೆಯದರಲ್ಲಿ ಒಬ್ಬ ತಾಯಿ ಕಾಯಿಲೆಯ ಮಗಳನ್ನು ಇಲ್ಲೇ ಬಿಟ್ಟು ಆ ನೌಕೆ ಹತ್ತುತ್ತಾಳೆ. ಸಾಯುವ ಮುಂಚೆ ಮಗಳು ಕಳಿಸಿದ ಮಾತು ಆಕಾಶದಲ್ಲಿ ವರ್ಷಗಟ್ಟಲೆ ಸಾಗಿ ತಾಯಿಯನ್ನು ಮುಟ್ಟಬೇಕು. ಅದು ಮುಟ್ಟಿತೇ, ಮುಟ್ಟಿದರೆ ಏನು ಹೇಳಿತು ಎಂಬುದೇ ಮೂರನೆಯ ಭಾಗ.

ಮೇಷ್ಟ್ರ ಒಬ್ಬಳೇ ಮಗಳು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರು ಚನ್ನಗಿರಿಯಲ್ಲಿ ಪರೀಕ್ಷೆಯ ಡ್ಯೂಟಿಯಲ್ಲಿದ್ದರು. ಇದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಂದು ತಿಂಗಳು ಮುಂಚೆಯೇ ಹನ್ನೊಂದು ಪ್ರತಿ ಬಂದಿದ್ದವು. ನಾನು ತೊಂಬತ್ತು ಪುಟ ಓದಿ ಬದಿಗಿಟ್ಟಿದ್ದೆ. ಭಾನುವಾರ ಮೇಷ್ಟ್ರು ಎರಡು ಬಸ್ಸು ಬದಲಿಸಿ ಬಂದು, ಟೀ ಕೂಡ ಬೇಡವೆಂದು ಮೂಲೆಯ ಕುರ್ಚಿಯಲ್ಲಿ ಕೂತರು. ಅಭಿಪ್ರಾಯಗಳು ಶುರುವಾದವು. ಒಬ್ಬರಿಗೆ ಭಾಷೆ ಹಿಡಿಸಿತು, ಇನ್ನೊಬ್ಬರಿಗೆ ವಿಜ್ಞಾನ. ಕಾಲೇಜಿನ ಲೆಕ್ಚರರ್ ಒಬ್ಬರು, ಅಂತ್ಯವನ್ನು ಓದುಗರಿಗೇ ಬಿಟ್ಟಿದ್ದು ಬಹಳ ದಿಟ್ಟತನ ಎಂದರು. ಮೇಷ್ಟ್ರು ಹುಬ್ಬು ಗಂಟಿಕ್ಕಿದರು.

"ಅಚ್ಚಾಗಿ ಬಂದ ಮ್ಯಾಲೆ ಆ ಕೊನೆ ಪುಟ ನಾನು ತೆಗೆದು ನೋಡಿಲ್ರಿ. ಧೈರ್ಯ ಸಾಲಲಿಲ್ಲ," ಎಂದರು. "ಒಂದೇ ಕೇಳ್ತೀನಿ. ಆ ಹುಡುಗಿ ಆಡೋ ಮಾತು ನಿಜ ಅನ್ಸುತ್ತಾ? ನನ್ನ ಸಮಾಧಾನಕ್ಕೆ ಬರಕೊಂಡಂಗೆ ಐತಾ? ಇನ್ಯಾರನ್ನೂ ಕೇಳಾಕೆ ಆಗಲ್ಲ ನನಗೆ."

ಎಲ್ಲರೂ ನನ್ನ ಮುಖ ನೋಡಿದರು. "ಸಾರ್, ಆ ಮಾತು ಓದ್ತಾ ಓದ್ತಾ ನಾನು ಅತ್ತುಬಿಟ್ಟೆ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಉಳಿದವರೂ ತಲೆಯಾಡಿಸಿದರು. ಲೆಕ್ಚರರ್ ಕೂಡ, ನಾನು ಹೇಳಿದ್ದೂ ಅದನ್ನೇ ಎಂದರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಆಗ ಸವಳಂಗದ ಹೆಣ್ಣುಮಗಳು ಎದ್ದು ನಿಂತರು. ಬಟ್ಟೆ ಹೊಲಿಯುವವರು, ಬಸ್ಸಿನಲ್ಲಿ ಬಂದು, ಕೇಳಿದರಷ್ಟೇ ಮಾತಾಡಿ ಹೋಗುವವರು.

"ನನ್ ಪುಸ್ತಕದಾಗೆ ಹುಡುಗಿ ಮಾತೇ ಇಲ್ರಿ. ಮಾತು ಕೇಳಾಕೆ ತಾಯಿ ಗುಂಡಿ ಒತ್ತುತ್ತಾಳೆ, ಅಲ್ಲಿಗೆ ಮುಗೀತೈತೆ. ಎರಡು ಸಲ ನೋಡೀನಿ."

"ಸ್ವಲ್ಪ ಗಮನ ಇಟ್ಟು ಓದ್ಬೇಕಮ್ಮ, ಇದು ಟೀವಿ ಧಾರಾವಾಹಿ ಅಲ್ಲ," ಎಂದೆ. ಎಲ್ಲರೂ ನಕ್ಕರು.

ಮೇಷ್ಟ್ರು ನಗಲಿಲ್ಲ. ಆಕೆಯ ಪುಸ್ತಕ ಇಸಿದುಕೊಂಡು ಹಿಂದಿನಿಂದ ತೆರೆದರು. ಆಮೇಲೆ ನನ್ನದನ್ನು. ಆಮೇಲೆ ಒಂದೊಂದಾಗಿ ಹನ್ನೊಂದನ್ನೂ. ಬೈಂಡಿಂಗ್‌ನವರು ಕೊನೆಯ ಹದಿನಾರು ಪುಟ ಸೇರಿಸುವುದನ್ನೇ ಮರೆತಿದ್ದರು. ಮಗಳ ಮಾತು ಯಾವ ಪ್ರತಿಯಲ್ಲೂ ಇರಲಿಲ್ಲ.

ಮೇಷ್ಟ್ರು ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಒಂದರ ಮೇಲೊಂದು ಜೋಡಿಸಿದರು. "ನಿಮ್ ಬಸ್ಸು ಎಷ್ಟೊತ್ತಿಗಮ್ಮ?" ಎಂದು ಆಕೆಯನ್ನು ಮಾತ್ರ ಕೇಳಿದರು. ಇಬ್ಬರೂ ಮೆಟ್ಟಿಲಿಳಿದು ಹೋದರು. ಯಾರೋ ಪ್ರೆಸ್ಸಿನವರನ್ನು ಬೈಯಲು ಶುರು ಮಾಡಿದರು. ನಾವೆಲ್ಲ ದನಿಗೂಡಿಸಿದೆವು, ಬಜ್ಜಿಯನ್ನೂ ತಿಂದೆವು.

ವಾರದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿದೆ. ಪ್ರೆಸ್ಸಿನವರು ಪುಟ ಸೇರಿಸಿಕೊಡಲು ಒಪ್ಪಿದ್ದಾರೆ ಎಂದೆ.

"ಬ್ಯಾಡ್ರಿ. ಎಲ್ರಿಗೂ ಹಿಡಿಸೈತಲ್ಲ, ಹಂಗೇ ಇರಲಿ." ಕ್ಷಮೆ ಕೇಳಬೇಕೆಂದೇ ಫೋನ್ ಮಾಡಿದ್ದೆ. ಕೇಳುವಷ್ಟರಲ್ಲಿ ಇಟ್ಟುಬಿಟ್ಟರು.

ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಪ್ರೆಸ್ಸಿನವರು ಆ ಪುಟಗಳನ್ನು ರದ್ದಿಗೆ ಹಾಕಿ ಆಗಿತ್ತು. ಹಸ್ತಪ್ರತಿ ಮೇಷ್ಟ್ರ ಮನೆಯಲ್ಲೂ ಸಿಗಲಿಲ್ಲ. ನಾನು ಉಳಿದ ಪುಟಗಳನ್ನೆಲ್ಲ ಆಗ ಓದಿದೆ, ನಾಚಿಕೆಯಿಂದ, ಒಂದು ಸಾಲೂ ಬಿಡದೆ. ಗುಂಡಿ ಒತ್ತುವಲ್ಲಿಗೆ ಬಂದು ನಿಂತೆ. ಮುಂದಿನದು ತಿಳಿಯದೆ ಇರಲಾಗದೆ ಸವಳಂಗದ ಬಸ್ಸು ಹತ್ತಿದೆ.

ಆಕೆ ಮೆಷಿನ್ನಿನ ಮುಂದೆ ಕೂತಿದ್ದರು. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ನಿಮಗೇನಾದರೂ ಹೇಳಿದರೇ ಎಂದು ಕೇಳಿದೆ.

"ಹೇಳಿದ್ರು. ಹುಡುಗಿ ಏನಂದ್ಲು ಅಂತ ಪೂರ್ತಿ ಹೇಳಿದ್ರು," ಎಂದರು. ದಾರ ಪೋಣಿಸಿ ಮುಗಿಸಿದ ಮೇಲೆ ತಲೆಯೆತ್ತಿದರು. "ನಿಮಗ್ಯಾಕ್ರಿ ನಾನು ಹೇಳ್ಬೇಕು? ಓದಿ ಅತ್ತಿದ್ರಲ್ಲ ನೀವು."