ಅಪ್ಪನ ಧಾಬಳಿ, ಆಫ್ ಮಾಡಿದ ಸ್ವಿಚ್ಚು

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಆಸಾಮಿ ನಾನು. ಹಾಸನದ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಕರೆಂಟಿನ ಪಾಠ ಹೇಳಿಕೊಂಡೇ ಕೂದಲು ಬೆಳ್ಳಗಾಗಿಸಿಕೊಂಡವನು. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಸಾಲಗಾಮೆಯಿಂದ ಒಳಗೆ ಎರಡು ಮೈಲಿ ಹೋದರೆ ಸಿಗುವ ಹಳ್ಳಿಯಲ್ಲಿ ನಮ್ಮ ಮನೆತನದವರು ಪೂಜೆ ಮಾಡುವ ಚಿಕ್ಕ ಗುಡಿಯಿದೆ. ನಾವು ಹಾಸನಕ್ಕೆ ಬಂದು ನೆಲೆಸಿದ ಮೇಲೂ ಪೂಜೆ ಅಪ್ಪನದೇ. ಮಿಕ್ಕ ದಿನಗಳಲ್ಲಿ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದರು. ಧನುರ್ಮಾಸದಲ್ಲಿ ಮಾತ್ರ ನಕ್ಷತ್ರ ಕಾಣುವಾಗಲೇ ಮಂಗಳಾರತಿ ಆಗಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಆ ಒಂದು ತಿಂಗಳು ನನ್ನ ಹಳೇ ಮೋಟಾರ್ ಬೈಕೇ ಅವರ ರಥ, ನಾನು ಸಾರಥಿ.

ಅಪ್ಪನಿಗೆ ಎಪ್ಪತ್ತು ದಾಟಿತ್ತು. ಹಿಂದಿನ ವರ್ಷ ಇದೇ ಓಡಾಟದಲ್ಲಿ ಚಳಿ ಎದೆಗೆ ಹೊಕ್ಕು ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಇನ್ನೊಂದು ಸಲ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಪೂಜೆ ಬಿಡಿ ಎಂದರೆ ಬಿಡುವವರಲ್ಲ. ಸ್ವೆಟರ್ ಹಾಕಿಕೊಳ್ಳಿ ಎಂದರೆ ಹೊಲಿದ ಬಟ್ಟೆ ಮಡಿಗೆ ಆಗದು. ಆಗುವುದು ಉಣ್ಣೆಯ ಧಾಬಳಿ ಒಂದೇ. ಮನೆಯಲ್ಲೇ ಸ್ನಾನ ಮಾಡಿ, ಮಡಿ ಪಂಚೆಯ ಮೇಲೆ ಧಾಬಳಿ ಹೊದ್ದು, ಸೀಟಿಗೂ ಉಣ್ಣೆಯ ತುಂಡು ಹಾಸಿಕೊಂಡು, ಹಿಂದಿನ ಕ್ಯಾರಿಯರ್ ಹಿಡಿದು ಕೂರುತ್ತಿದ್ದರು. ನಮ್ಮಿಬ್ಬರ ನಡುವೆ ಗೇಣು ಜಾಗ. ನಾನು ತಗುಲಿದರೆ ಗುಡಿಯ ಬಾವಿಯ ತಣ್ಣೀರಲ್ಲಿ ಮತ್ತೆ ಸ್ನಾನ.

ಅರಕಲಗೂಡು ರಸ್ತೆಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್ ಸಿದ್ದೇಶನ ಹತ್ತಿರ ಕೂತು ನಾನೊಂದು ಉಪಾಯ ಮಾಡಿದೆ. ಬೈಕಿನ ಬ್ಯಾಟರಿಯಿಂದ ಬಿಸಿಯಾಗುವ ಸಣ್ಣ ತಂತಿಯನ್ನು ಧಾಬಳಿಯ ಒಳಮೈಗೆ ಹೊಲಿಸಿದೆ. ಹಾಗೆ ಹೊಲಿದರೆ ಅದು ಹೊಲಿದ ಬಟ್ಟೆಯಾಗುವುದಿಲ್ಲವೇ ಎಂದು ನನ್ನ ಹೆಂಡತಿ ಕೊಕ್ಕೆ ಹಾಕಿದಳು. ಅಪ್ಪ ಎರಡು ದಿನ ಯೋಚಿಸಿ, ತಂತಿಗೆ ಶಾಸ್ತ್ರದಲ್ಲಿ ಆಕ್ಷೇಪಣೆಯಿಲ್ಲ ಎಂದು ತೀರ್ಪು ಕೊಟ್ಟರು. ಮಂಜಿಗೆಂದು ಮುಂದೆ ಎರಡು ಹಳದಿ ಲೈಟನ್ನೂ ಹಾಕಿಸಿದೆ. ಲೈಟಿಗೊಂದು, ಧಾಬಳಿಗೊಂದು ಸ್ವಿಚ್ಚು ಹ್ಯಾಂಡಲ್ ಮೇಲೆ ಕೂತವು.

"ಎಲ್ಡನ್ನೂ ಒಟ್ಗೆ ಆಕ್ಬ್ಯಾಡಿ ಮೇಷ್ಟ್ರೆ," ಎಂದಿದ್ದ ಸಿದ್ದೇಶ, ಹೆಡ್‌ಲೈಟಿನ ಮೇಲಿನ ಕರೆಂಟು ಮೀಟರು ತೋರಿಸುತ್ತ. "ಈ ಗಾಡಿ ಕರೆಂಟು ಅಷ್ಟ್ಕೆಲ್ಲ ಸಾಲಾಕಿಲ್ಲ. ಈ ಮುಳ್ಳು ಎಡಕ್ಕೆ ವಾಲ್ತು ಅಂದ್ರೆ ಬ್ಯಾಟ್ರಿ ಕಾಲಿ ಆಯ್ತಾ ಅದೆ ಅಂತ ತಿಳ್ಕಳಿ."

ಆ ದಿನ ಮನೆ ಬಿಟ್ಟಾಗಲೇ ಮಂಜು ಮುಖಕ್ಕೆ ರಾಚುತ್ತಿತ್ತು. ಅಪ್ಪ ತಾವೇ ಧಾಬಳಿಯ ತಂತಿಯ ಪಿನ್ನನ್ನು ಸೀಟಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿಕೊಂಡರು. ನಾನು ಸಿದ್ದೇಶನ ಮಾತು ಗೊತ್ತಿದ್ದೂ ಎರಡೂ ಸ್ವಿಚ್ಚು ಒತ್ತಿದೆ. ಅರ್ಧ ದಾರಿಗೆ ಮುಳ್ಳು ಪೂರ್ತಿ ಎಡಕ್ಕೆ ಬಿತ್ತು. ಲೈಟು ಕೆಂಪಗಾಯಿತು, ಇಂಜಿನ್ ಮುಗ್ಗರಿಸತೊಡಗಿತು. ಅಲ್ಲಿ ಗಾಡಿ ನಿಂತರೆ ಅಪ್ಪ ಬೆಳಗಾಗುವವರೆಗೆ ಬಯಲ ಚಳಿಯಲ್ಲಿ ನಿಲ್ಲಬೇಕು. ಲೈಟು ಆರಿಸಿದರೆ ರಸ್ತೆಯೇ ಕಾಣದು. ಹಿಂದಿನ ದಿನ ತಾನೇ ದೀಪವಿಲ್ಲದ ಕಬ್ಬಿನ ಗಾಡಿಯೊಂದಕ್ಕೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತ್ತು.

ಧಾಬಳಿಯ ಸ್ವಿಚ್ಚು ಆಫ್ ಮಾಡಿದೆ. ಮುಳ್ಳು ಮೆಲ್ಲಗೆ ನಡುವಿಗೆ ಬಂದು ನಿಂತಿತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ "ಆಗ್ಲಿ ಬಿಡೋ" ಎನ್ನುತ್ತಿದ್ದರು, ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಉಳಿದ ನಾಲ್ಕು ಮೈಲಿ ಆಮೆಯ ಹಾಗೆ ಹೋದೆವು. ಹಿಂದಿನಿಂದ ಕೆಮ್ಮು ಕೇಳುತ್ತದೆಯೇ ಎಂದು ಕಿವಿಯೆಲ್ಲ ಅತ್ತಲೇ. ಏನೂ ಕೇಳದಿದ್ದಾಗ ಇನ್ನೂ ಹೆದರಿಕೆಯಾಯಿತು. ಅಪ್ಪನನ್ನು ನಾನೇ ಕೈಯಾರೆ ಕೊಲ್ಲುತ್ತಿದ್ದೇನೆ ಅನ್ನಿಸಿತು.

ಗುಡಿಯ ಮುಂದೆ ಅಪ್ಪ ಇಳಿದರು, ಪಿನ್ನು ಕಿತ್ತರು, ಅಂಗೈಯಿಂದ ಹಣೆ ಒರೆಸಿಕೊಂಡರು.

"ಏನೋ ಇದು, ಇವತ್ತು ಇಷ್ಟೊಂದು ಬಿಸಿ ಇಟ್ಟಿದೀಯ? ಬೆವರು ಕಿತ್ಕೊಂಡು ಬಂತು. ನಾಳೆ ಸ್ವಲ್ಪ ಕಮ್ಮಿ ಇಡು."

ಸ್ವಿಚ್ಚು ನೋಡಿದೆ. ಆಫ್ ಆಗಿಯೇ ಇತ್ತು. ಗುಡಿಯ ಬಲ್ಬಿನ ಬೆಳಕಲ್ಲಿ ಅವರ ಹಣೆ ಒದ್ದೆಯಾಗಿದ್ದುದು ಕಂಡಿತು, ಮಂಜಿನ ಹನಿಯೂ ಇರಬಹುದು. ಅಪ್ಪ ಧಾಬಳಿ ತೆಗೆದು ಕಲ್ಲಿನ ಜಗುಲಿಯ ಮೇಲಿಟ್ಟು, "ಮುಟ್ಬೇಡ" ಎಂದು ಹೇಳಿ ಒಳಗೆ ಹೋದರು. ಎಲ್ಲ ಗೊತ್ತಾಗಿ ನನ್ನ ಸಮಾಧಾನಕ್ಕೆ ಹೀಗೆ ಹೇಳಿದರೇ? ಆದರೆ ನನ್ನ ಅಪ್ಪ ಯಾರ ಸಮಾಧಾನಕ್ಕೂ ಸುಳ್ಳು ಹೇಳುವವರಲ್ಲ, ಅದೂ ಮಡಿಯಲ್ಲಿ. ಮುಟ್ಟಿ ನೋಡಿದರೆ ಮುಗಿಯುತ್ತಿತ್ತು. ಮುಟ್ಟಿದ ಧಾಬಳಿಯನ್ನು ಅವರು ಮತ್ತೆ ಹೊದೆಯುತ್ತಿರಲಿಲ್ಲ. ಕೈ ಕಟ್ಟಿಕೊಂಡು ನಿಂತೆ.

ಮಂಗಳಾರತಿಯಾಗಿ ಅಪ್ಪ ಹೊರಬಂದು ಧಾಬಳಿ ಎತ್ತಿಕೊಂಡರು. ಜಗುಲಿಯೆಲ್ಲ ಇಬ್ಬನಿಗೆ ಒದ್ದೆ, ಧಾಬಳಿಯಿದ್ದಷ್ಟು ಜಾಗ ಮಾತ್ರ ಒಣಗಿತ್ತು. ಕಲ್ಲನ್ನು ಮುಟ್ಟಲು ಯಾರ ಅಡ್ಡಿಯೂ ಇರಲಿಲ್ಲವಲ್ಲ. ಅಂಗೈ ಊರಿದೆ. ಕಲ್ಲು ಬೆಚ್ಚಗಿತ್ತು. ಒಂದು ಮೊಳ ಈಚೆಗೆ ಊರಿದೆ, ಕೈ ಮರಗಟ್ಟುವಷ್ಟು ತಣ್ಣಗೆ.

ನಾಚಿಕೆಯಿಲ್ಲದೆ ಹೇಳುತ್ತೇನೆ, ಅಲ್ಲೇ ಕೂತು ಅತ್ತುಬಿಟ್ಟೆ. ಹೆದರಿ ಅಲ್ಲ, ಎದೆಯ ಮೇಲಿನ ಭಾರ ಇಳಿದು. ಹುಗ್ಗಿ ಬಡಿಸಲು ಬಂದ ಅಪ್ಪ, ಮಗನಿಗೆ ಕೊನೆಗೂ ಭಕ್ತಿ ಬಂತೆಂದುಕೊಂಡು ಒಂದು ಸೌಟು ಜಾಸ್ತಿಯೇ ಹಾಕಿದರು.

ಸಿದ್ದೇಶ ಎಲ್ಲ ಬಿಚ್ಚಿ ನೋಡಿದ. "ಸ್ವಿಚ್ಚು ಸರ್ಯಾಗದೆ ಕಣಿ. ಆಫ್ ಮಾಡುದ್ಮೇಲೆ ಕರೆಂಟು ಓಗಾಕಿಲ್ಲ. ನೀವೇ ಮರ್ತಿರ್ಬೇಕು." ಮರೆತಿದ್ದರೆ ಮುಳ್ಳು ಹೇಗೆ ನಡುವಿಗೆ ಬಂತು? ಉಣ್ಣೆ ತೇವ ಹೀರಿಕೊಂಡಿತು ಎನ್ನೋಣ, ಕಲ್ಲು ಬೆಚ್ಚಗಾದದ್ದು ಹೇಗೆ? ಇಷ್ಟು ವರ್ಷವಾದರೂ ನನ್ನ ಪಾಠದೊಳಗೆ ಇದಕ್ಕೆ ಉತ್ತರ ಸಿಕ್ಕಿಲ್ಲ.

ಆ ಚಳಿಗಾಲ ಅಪ್ಪ ಒಮ್ಮೆಯೂ ಕೆಮ್ಮಲಿಲ್ಲ. ಆಮೇಲೂ ಎಷ್ಟೋ ಧನುರ್ಮಾಸ ನನ್ನ ಹಿಂದೆ ಗೇಣು ಜಾಗ ಬಿಟ್ಟು ಕೂತರು. ಕಡೆಗೊಂದು ದಿನ ತಡೆಯಲಾರದೆ, ಅವತ್ತು ಸ್ವಿಚ್ಚು ಆಫ್ ಮಾಡಿದ್ದೆ ಎಂದು ಒಪ್ಪಿಕೊಂಡೆ. ಅಪ್ಪ ಪಂಚಾಂಗದಿಂದ ತಲೆಯೆತ್ತಿ ನನ್ನನ್ನೇ ನೋಡಿದರು.

"ಬೆಚ್ಚಗಿತ್ತಲ್ಲೋ," ಎಂದರು. "ಮತ್ತೇನು ಬೇಕಿತ್ತು ನಿಂಗೆ?"