ಗಂಡಿನ ಕೇಸು ಹುಡುಕಿದ್ದು

ಎಪ್ಪತ್ತರ ದಶಕದ ಮಾತು. ಮೈಸೂರಿನ ಸ್ನೇಹಿತ ಕಾಗದ ಬರೆದಿದ್ದ: "ಮಗಳಿಗೆ ನೋಡಿರುವ ಗಂಡು ನಿಮ್ಮ ನ್ಯೂಜೆರ್ಸಿಯಲ್ಲೇ ಇದ್ದಾನೆ. ಅವನ ಮೇಲೆ ಫೆಡರಲ್ ಕೋರ್ಟಿನಲ್ಲಿ ಕೇಸಿತ್ತಂತೆ. ನಿಜವೇ ನೋಡು."

ರಜೆ ಹಾಕಿ ನಮ್ಮ ನ್ಯೂವಾರ್ಕಿನ ಫೆಡರಲ್ ಕೋರ್ಟಿಗೆ ಹೋದೆ. ಕೌಂಟರಿನ ಹೆಂಗಸು ಕೇಸ್ ನಂಬರ್ ಕೇಳಿದಳು. ಗೊತ್ತಿಲ್ಲವೆಂದೆ. ಹಾಗಾದರೆ ಕಾರ್ಡುಗಳ ಡ್ರಾಯರಿನಲ್ಲಿ ಹೆಸರು ಹುಡುಕಿಕೊಳ್ಳಿ ಎಂದಳು. ನಾಲ್ಕು ಸ್ಪೆಲಿಂಗಿನಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ.

"ಅಂದರೆ ಕೇಸೇ ಇಲ್ಲ ತಾನೇ?" ಎಂದೆ.

"ಈ ಕೋರ್ಟಿನಲ್ಲಿಲ್ಲ. ದೇಶದಲ್ಲಿ ಇಂಥವು ತೊಂಬತ್ತಕ್ಕೂ ಹೆಚ್ಚಿವೆ. ಯಾವುದರಲ್ಲಿ ಅಂತ ನೀವೇ ತಿಳಿದುಕೊಂಡು ಅಲ್ಲಿಗೇ ಹೋಗಬೇಕು."

ತಲೆಕೆಟ್ಟು ಮನೆಗೆ ಬಂದವನು, ಸಂಕೋಚ ಬಿಟ್ಟು ಆ ಹುಡುಗನಿಗೇ ಫೋನ್ ಮಾಡಿ ಕೇಳಿಬಿಟ್ಟೆ.

"ನ್ಯೂವಾರ್ಕಲ್ಲಿ ಸಿಗಲ್ಲ ಅಂಕಲ್, ಬ್ರೂಕ್ಲಿನ್ ಕೋರ್ಟಿಗೆ ಹೋಗಿ. ಪೆನ್ ಇದೆಯಾ? ಕೇಸ್ ನಂಬರ್ ಬರ್ಕೊಳ್ಳಿ. ವಜಾ ಆಯ್ತು ಅಂತ ನಾನು ಹೇಳಿದ್ರೆ ಸಾಲದು, ನೀವೇ ಓದಿ."

ಇನ್ನೊಂದು ರಜೆ ಹಾಕಿ ಹೋಗಿ ಓದಿದೆ. ವಜಾ ಆಗಿತ್ತು. ಸ್ನೇಹಿತನಿಗೆ ಎಲ್ಲವನ್ನೂ ಬರೆದೆ, ಮದುವೆಯೂ ಆಯಿತು. ಮದುವೆ ಮಾತುಕತೆಯಲ್ಲಿ ಇಷ್ಟು ನೆಟ್ಟಗೆ ಉತ್ತರ ಕೊಟ್ಟ ಗಂಡನ್ನು ಆಮೇಲೆ ನಾನು ಕಂಡಿಲ್ಲ. ಕೋರ್ಟಿನ ಕೌಂಟರಿನಲ್ಲಂತೂ ಅಂಥ ಉತ್ತರದ ಮಾತೇ ಬಿಡಿ.