ನಾನು ಕಲಿಸಿದ ತಪ್ಪು ಬೆರಳು

ಗೆಳೆಯರೇ, ಇವತ್ತು ಮಾನ್ವಿಯ ನನ್ನ ಟೈಪಿಂಗ್ ಕ್ಲಾಸಿಗೆ ರಜಿಯಾ ಬಂದಿದ್ದಳು. ನನ್ನಲ್ಲಿ ಕಲಿತು ಮೂರು ಸಲ ಫೇಲಾಗಿ, ಕಡೆಗೆ ರಾಯಚೂರಿನಲ್ಲಿ ಕಲಿತು ಪಾಸಾದ ಹುಡುಗಿ.

"ತಪ್ಪು ತಿಳ್ಕೋಬ್ಯಾಡ್ರಿ ಸರ್. ಯಾವ ಅಕ್ಷರಕ್ಕ ಯಾವ ಬೆರಳಂತ ಕಲಿಸ್ತೀರಲ್ಲ, ಅದು ತಪ್ಪದರಿ. ಅದಕ್ಕ ಸ್ಪೀಡ್ ಬರಂಗಿಲ್ಲ," ಎಂದಳು.

ಅವಳು ಹೋದ ಮೇಲೆ, ಎಂಟು ವರ್ಷದಿಂದ ನನ್ನ ಸಹಾಯಕನಾಗಿರುವ ಬಸಣ್ಣನನ್ನು ಕೇಳಿದೆ. ಅವನು ತಲೆ ತಗ್ಗಿಸಿದ.

"ನನಗ ಮೊದಲಿಂದ ಗೊತ್ತಿತ್ರಿ. ಹೇಳಿದ್ರ ಸಿಟ್ಟಿಗೇಳ್ತೀರಂತ ಸುಮ್ಮನಿದ್ದೆ."

"ಯಾರಲೇ ಸಿಟ್ಟಿಗೇಳೋರು?" ಎಂದು ಮೇಜು ಗುದ್ದಿದೆ.

ಫೇಲಾಗಿ ನೌಕರಿಯ ಆಸೆಯನ್ನೇ ಬಿಟ್ಟವರ ಮುಖಗಳು ಒಂದೊಂದಾಗಿ ನೆನಪಾಗುತ್ತಿವೆ. ಅವರಿಗೆಲ್ಲ ನಾನು ಮಾತ್ರ ಯಾವ ಮುಲಾಜೂ ಇಲ್ಲದೆ ಹೇಳಿದ್ದೆ: "ಇದು ನಿಮ್ಮ ಕೈಲಿ ಆಗಂಗಿಲ್ಲ, ಬಿಟ್ಬಿಡ್ರಿ."